ಹೋತಕ್ಕ ಶಾಂಪೂ ಹಾಕಿದ ಮಾಸ್ತರ

ಹೈಸ್ಕೂಲಿನಾಗ ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿದಾವ ನಾನು. ಗಂಡು ಮೆರೀತದ, ಹೆಣ್ಣು ಆರಿಸ್ತದ, ಚಂದ ಇದ್ದದ್ದು ಗೆಲ್ತದ. ಜೀವವಿಕಾಸ ಅಂದ್ರ ಇಷ್ಟ! ನವಿಲಿನ ಚಿತ್ರ ಬರೆದು ಬರೆದು ಕೈ ಸವೆಸೇನಿ. ನನಗೊಂದು ಹೋತ ಯಾವ ಲೆಕ್ಕ?

ಹುಮನಾಬಾದಿನ ನಮ್ಮ ಹಿತ್ತಲದಾಗ ನನ್ನ ಹೆಂಡತಿ ಮಹಾದೇವಿ ಮೂರು ಆಡು ಸಾಕ್ಯಾಳ. ಮೂರೂ ಬೆದಿಗೆ ಬಂದಿದ್ವು.

"ಬಸವಕಲ್ಯಾಣಕ್ಕ ಹೋಗಿ ನಮ್ಮ ತಮ್ಮನ ಹೋತ ತರ್ರಿ. ಒಂದ ದಿನಕ್ಕ ಕೊಡ್ತಾನ. ಆಡಿನ ಹಾಲು ಬತ್ತಾಕತ್ತದ, ಮತ್ತ ಈದ್ರನ ಹೊಸ ಹಾಲು, ಮೊಮ್ಮಗಗ ಬ್ಯಾರೆ ಹಾಲು ಒಗ್ಗಂಗಿಲ್ಲ. ಈ ಸಲ ತಪ್ಪಬಾರದು ನೋಡ್ರಿ."

ಹೋತ ತಂದೆ. ಆದ್ರ ಅದರ ನಾತ! ಟಂಟಂ ಆಟೋದಾಗ ಕುಂತ ಮುದುಕಿಯೊಬ್ಬಾಕಿ ಮೂಗಿಗೆ ಸೆರಗು ಹಿಡಿದು, "ಮಾಸ್ತರ, ಅದನ್ನ ಇಳಸ್ರಿ, ಇಲ್ಲಾ ನೀವ ಇಳೀರಿ" ಅಂದಳು. ಡ್ರೈವರ್ ಇಬ್ಬರನ್ನೂ ಇಳಿಸಿದ. ಉಳಿದ ದಾರಿ ನಡದ ಬಂದ್ವಿ.

ಮನಿಗೆ ಬಂದಾಗ ಮಹಾದೇವಿ ಮೇವು ತರಾಕ ಹೋಗಿದ್ದಳು. ಇಂಥಾ ನಾರುವ ವರನನ್ನ ಯಾವ ಆಡು ಒಪ್ಪೀತು? ವೈಜ್ಞಾನಿಕ ಕರ್ತವ್ಯವೆಂದು ಭಾವಿಸಿ ಶಾಂಪೂ ಹಾಕಿ ಎರಡು ಸಲ ತಿಕ್ಕಿದೆ. ಗಡ್ಡ ಬಾಚಿದೆ. ಕಿವಿ ಹಿಂದ ಅತ್ತರ ಹಚ್ಚಿದೆ. ಮದುಮಗ ತಯಾರ!

ಮೊದಲನೇ ಆಡು ಮೂಸಿ ಸೀನಿತು. ಎರಡನೇದು ಬೆನ್ನು ತಿರುಗಿಸಿತು. ಮೂರನೇದು ಹಾಯ್ದೇ ಬಿಟ್ಟಿತು! ಹೋತ ತನ್ನ ಮೈ ತಾನ ಮೂಸಿ, ಗಾಬರಿ ಬಿದ್ದು ಮೂಲ್ಯಾಗ ನಿಂತು ಒದರಾಕತ್ತಿತು.

ಮಹಾದೇವಿ ಬಂದಳು. "ಇದರ ವಾಸನಿ ಎಲ್ಲಿ?"

"ತೊಳದೆ."

ಆಕಿ ಮೇವಿನ ಹೊರಿ ಕೆಳಗ ಒಗದಳು. "ಅಯ್ಯ ಶಿವನ! ಆಡು ಸೋಲೋದ ಆ ನಾತಕ್ಕ ಅಲ್ಲೇನ್ರಿ!"

"ಪುಸ್ತಕದಾಗ ನವಿಲು..."

"ಆಡು ಪುಸ್ತಕ ತಿಂತಾವ್ರಿ, ಓದಂಗಿಲ್ಲ!"

ಸಂಜಿಗೆ ಆಕಿ ತಮ್ಮ ಬಂದು, "ಮಾಮಾ, ಇದು ನಮ್ಮ ಹೋತಾನ ಏನ್ರಿ?" ಅಂತ ಅನುಮಾನದಲೇ ಹೊಡ್ಕೊಂಡು ಹೋದ, ಮತ್ತ ಕೊಡಲಿಲ್ಲ. ಆಡುಗಳ ಬೆದೆ ಹೋತು. ಮರಿ ಇಲ್ಲ, ಹೊಸ ಹಾಲಿಲ್ಲ; ಇದ್ದ ಹಾಲೂ ಬತ್ತಿತು.

ಈಗ ದಿನಾ ಮುಂಜಾನೆ ತಂಬಿಗಿ ಹಿಡಕೊಂಡು ಓಣಿ ಓಣಿ ಆಡಿನ ಹಾಲು ಬೇಡಾಕತ್ತೇನಿ. ಒಂದೊಂದು ದಿನ ಖಾಲಿ ತಂಬಿಗಿನ ಬರ್ತದ. ಕೂಸು ಅಳಾಕತ್ತಿದ್ರ ಮತ್ತೊಂದು ಓಣಿಗೆ ಓಡ್ತೇನಿ. ಯಾರ ಮುಂದ ಹೇಳ್ಲಿ?

ನಿನ್ನೆ ತಡೀಲಾರದೆ, "ತಪ್ಪಾತು ಮಹಾದೇವಿ" ಅಂದೆ.

ಆಕಿ ಖಾಲಿ ತಂಬಿಗಿ ಇಸ್ಕೊಂಡು ನಿಟ್ಟುಸಿರು ಬಿಟ್ಟಳು. "ಕನ್ಯಾ ನೋಡಾಕ ಬಂದ ದಿನ ನೀವೂ ಹಿಂಗ ಮೈ ತಿಕ್ಕೊಂಡು, ಅತ್ತರ ಬಳಕೊಂಡು ಬಂದಿದ್ರಿ. ನಾನು ಹೂಂ ಅಂದ್ಬಿಟ್ಟೆ. ನನ್ನ ಆಡುಗಳು ನನಗಿಂತ ಶಾಣ್ಯಾ ಅದಾವ್ರಿ."