ಆಂಪ್ಲಿಫೈಯರ್ ಮೇಲೆ ಉಬ್ಬಿದ ಹಿಟ್ಟು

ಆ ದಿನ ನಾನು ಮಾಡಿದ ಕೆಲಸಗಳು ಇಷ್ಟು: ಬೋರ್‌ವೆಲ್ ನೀರು ಬಿಟ್ಟಾಗ ಡ್ರಮ್ ತುಂಬಿಸಿದೆ. ಯಜಮಾನರಿಗೆ ಡಬ್ಬಿ ಕಟ್ಟಿ ಪೀಣ್ಯದ ಫ್ಯಾಕ್ಟರಿಗೆ ಕಳಿಸಿದೆ. ಮೈದುನ ಪ್ರಕಾಶನ ಕರಿ ಅಂಗಿಗೆ ಗುಂಡಿ ಹೊಲಿದೆ. ದೋಸೆಗೆ ರುಬ್ಬಿದೆ. ಆಮೇಲೆ ಒಂದು ರಾಕ್ ಬ್ಯಾಂಡಿನ ಮಾನ ಕಳೆದೆ.

ಕೊನೆಯದನ್ನು ಸ್ವಲ್ಪ ವಿವರಿಸಬೇಕು.

ಕೇಬಲ್ ಟಿ.ವಿ. ಬಂದ ಹೊಸತು. ಪ್ರಕಾಶ ಹಗಲೆಲ್ಲ ಲೇತ್ ಮುಂದೆ ನಿಲ್ಲುತ್ತಿದ್ದ, ಸಂಜೆಯೆಲ್ಲ ಗಿಟಾರ್ ಬಾರಿಸುತ್ತಿದ್ದ. ಅವನೂ ಮೂವರು ಗೆಳೆಯರೂ ಕಟ್ಟಿದ ಬ್ಯಾಂಡಿಗೆ ನಮ್ಮ ಬಡಾವಣೆಯ ರಾಜ್ಯೋತ್ಸವದಲ್ಲಿ ಮೊದಲ ಸಲ ವೇದಿಕೆ ಸಿಕ್ಕಿತ್ತು. ಸಂಘದ ಕಾರ್ಯದರ್ಶಿಗಳು ಮಾತ್ರ ಒಂದು ಷರತ್ತು ಹಾಕಿದ್ದರು: "ಜನ ಎದ್ದು ಹೋಗೋಕೆ ಶುರು ಮಾಡಿದ್ರೆ ಕರೆಂಟ್ ತೆಗೆಸ್ತೀನಿ, ನೋಡಪ್ಪಾ!"

ಹಾಗಾಗಿ ಪ್ರಕಾಶ ವೈಟ್‌ಫೀಲ್ಡಿನ ಒಬ್ಬ ಮುದುಕರನ್ನು ಕಾಡಿ ಬೇಡಿ, ಅವರು ಯೌವನದಲ್ಲಿ ಕ್ಲಬ್ಬಿನಲ್ಲಿ ಬಳಸುತ್ತಿದ್ದ ವಿಲಾಯಿತಿ ಆಂಪ್ಲಿಫೈಯರನ್ನು ಒಂದು ದಿನದ ಮಟ್ಟಿಗೆ ತಂದಿದ್ದ. ನೋಡಲು ಟ್ರಂಕಿನಷ್ಟು, ಎತ್ತಲು ಬೀರುವಿನಷ್ಟು! ಒಳಗೆ ಹಳೇ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವ್‌ಗಳು.

"ಅತ್ತಿಗೆ, ಇದು ಬಿಸಿ ಆಗೋವರೆಗೂ ಬಾಯಿ ಬಿಡಲ್ಲ. ಆಮೇಲೆ ಕೇಳ್ಬೇಕು ಇದರ ಸೌಂಡು!" ಎಂದು ಬೆಳಿಗ್ಗೆ ಒಮ್ಮೆ ಬಾರಿಸಿ ನೋಡಿ, ಆರಿಸಿ, ಡ್ಯೂಟಿಗೆ ಓಡಿದ.

ಧೂಳು ಒರೆಸಲು ಕೈಯಿಟ್ಟೆ. ಪೆಟ್ಟಿಗೆಯ ಮೇಲ್ಭಾಗ ಹದವಾಗಿ ಬೆಚ್ಚಗಿತ್ತು. ಹೊರಗೆ ನವೆಂಬರಿನ ಚಳಿ, ಜಡಿಮಳೆ. ಇಂಥ ದಿನ ದೋಸೆಹಿಟ್ಟು ಉಬ್ಬುವುದುಂಟೆ? ಕಾರ್ಯಕ್ರಮ ಮುಗಿಸಿ ಬ್ಯಾಂಡಿನ ಹುಡುಗರೆಲ್ಲ ನಮ್ಮಲ್ಲೇ ದೋಸೆಗೆ ಬರುವವರಿದ್ದರು. ನನ್ನೊಳಗಿನ ವಿಜ್ಞಾನಿ ಎಚ್ಚರಗೊಂಡಳು! ಸ್ವಿಚ್ ಹಾಕಿದೆ. ಹಿಟ್ಟಿನ ಪಾತ್ರೆಯನ್ನು ಮೇಲಿಟ್ಟು ಟವೆಲ್ ಹೊದಿಸಿದೆ. ಪಕ್ಕದ ಮನೆಯ ಗೌರಮ್ಮನವರ ಹತ್ತಿರ ಎರಡು ಮಾತಾಡಿ ಬರೋಣವೆಂದು ಹೋದೆ. ಗೌರಮ್ಮ ಧಾರವಾಡದ ಕಡೆಯವರು. ಎರಡು ಮಾತು ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಬಂದು ನೋಡಿದರೆ ಹಿಟ್ಟು ಉಬ್ಬಿತ್ತು. ಅಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಪಾತ್ರೆ ದಾಟಿ, ಟವೆಲ್ ದಾಟಿ, ಪೆಟ್ಟಿಗೆಯ ಹಿಂಬದಿಯ ಸಂದಿಗಳ ಮೂಲಕ ಅದು ಗಂಭೀರವಾಗಿ ಗೃಹಪ್ರವೇಶ ಮಾಡುತ್ತಿತ್ತು!

ಪ್ಲಗ್ ಕಿತ್ತೆ. ಬೆರಳು ಹೋದಷ್ಟು ದೂರ ಒರೆಸಿದೆ. ಬೆರಳು ಹೋಗದ ಕಡೆಯ ಜವಾಬ್ದಾರಿಯನ್ನು ದೇವರಿಗೆ ವಹಿಸಿದೆ. ಹುಳಿ ವಾಸನೆ ಹೋಗಲೆಂದು ಅರ್ಧ ಡಬ್ಬಿ ಟಾಲ್ಕಂ ಪೌಡರನ್ನೂ ಒಳಗೆ ಸುರಿದೆ. ಬುದ್ಧಿವಂತಿಕೆಗೆ ಕೊನೆಯೆಂಬುದಿಲ್ಲ.

ಸಂಜೆ ಮಳೆ ನಿಂತಿತು. ವೇದಿಕೆಯ ಮೇಲೆ ಪ್ರಕಾಶ ಕರಿ ಅಂಗಿಯಲ್ಲಿ ನಿಂತು ಗಿಟಾರಿಗೆ ಬೆರಳು ಸೋಕಿಸಿದ್ದೇ ತಡ, ಪೆಟ್ಟಿಗೆಯಿಂದ ಬಿಳಿ ಮೋಡವೊಂದು ಎದ್ದಿತು. "ನೋಡ್ರೋ, ಟಿ.ವೀಲಿ ಬಿಡೋ ಹಾಗೆ ಹೊಗೆ ಬಿಡ್ತವ್ರೆ!" ಎಂದು ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ತಟ್ಟದೆ ಇನ್ನೇನು ಮಾಡಲಿ?

ಎರಡನೇ ಹಾಡಿಗೆ ವಾಲ್ವ್‌ಗಳು ಚೆನ್ನಾಗಿ ಕಾದವು.

"ಯಾರೋ ದೋಸೆ ಹಾಕ್ತಿದಾರೆ ಕಣೇ," ಎಂದು ಪಕ್ಕದಲ್ಲಿದ್ದ ಯಜಮಾನರು ಮೂಗರಳಿಸಿದರು.

"ಇಲ್ಲಪ್ಪ, ನಂಗೇನೂ ಬರ್ತಿಲ್ಲ," ಎಂದೆ.

"ಬರಾಕತ್ತೈತಿ ಬಿಡ್ರಿ ಸಾವಿತ್ರಕ್ಕಾರ, ಘಮಾ ಘಮಾ ಅಂತೈತಿ!" ಎಂದರು ಗೌರಮ್ಮ. "ಸಂಘದವ್ರು ಸ್ಟೇಜಿನ ಹಿಂದ ನಾಷ್ಟಾ ಇಟ್ಟಾರ ಕಾಣಸ್ತೈತಿ. ಏಳ್ರಿ, ಆಮ್ಯಾಲ ಗದ್ದಲ ಆಗತೈತಿ."

ಗೌರಮ್ಮ ಸಂಸಾರ ಸಮೇತ ಎದ್ದರು. ಅವರನ್ನು ನೋಡಿ ಹಿಂದಿನ ಸಾಲು ಎದ್ದಿತು. ಅದರ ಹಿಂದಿನದೂ ಎದ್ದಿತು. ವೇದಿಕೆಯ ಹಿಂದೆ ದೋಸೆಯಿಲ್ಲದ ದೋಸೆಗೆ ಕ್ಯೂ ಬೆಳೆಯಿತು! ಜನ ಏಳುವುದನ್ನು ಕಂಡ ಪ್ರಕಾಶನ ಮುಖ ಬಾಡಿತು. ಪಾಪ, ಸದ್ದು ಸಾಲದೆಂದು ತಿಳಿದು ಗುಂಡಿ ಇನ್ನಷ್ಟು ತಿರುಗಿಸಿದ. ಘಮಲು ಇನ್ನಷ್ಟು ಏರಿತು. ಕಾರ್ಯದರ್ಶಿಗಳು ಮೇನ್ ಸ್ವಿಚ್ಚಿನ ಕಡೆ ಹೆಜ್ಜೆ ಹಾಕಿದರು.

ಇನ್ನು ತಡೆಯಲಾಗಲಿಲ್ಲ. ಸೆರಗು ಸಿಕ್ಕಿಸಿ ವೇದಿಕೆ ಹತ್ತಿದೆ. ಪ್ರಕಾಶನ ಕಿವಿಯಲ್ಲಿ ಪಿಸುಗುಟ್ಟಿದೆ: "ಜನ ಎದ್ದಿರೋದು ನಿನ್ನ ಹಾಡು ಕೇಳಿ ಅಲ್ಲ ಕಣೋ, ದೋಸೆಗೆ! ಬೆಳಿಗ್ಗೆ ನಾನೇ ನಿನ್ನ ಸೆಟ್ಟಿನ ಮೇಲೆ ಹಿಟ್ಟಿಟ್ಟಿದ್ದೆ, ಒಳಗೆ ಸೋರ್ಬಿಟ್ಟಿದೆ. ಮೊದಲು ಆರಿಸು. ನಿಮ್ಮಣ್ಣಂಗೆ ಮಾತ್ರ ಹೇಳ್ಬೇಡ!"

ಅವನ ಕಿವಿಯ ಪಕ್ಕದಲ್ಲೇ ಮೈಕು ಇತ್ತು.

ನನ್ನ ಪಿಸುಮಾತು ಬಡಾವಣೆಯ ಕೊನೆಯ ಬೀದಿಯವರೆಗೂ ಸ್ಪಷ್ಟವಾಗಿ ಕೇಳಿಸಿತಂತೆ. ಆಮೇಲೆ ವೇದಿಕೆಯ ಹಿಂದಿನಿಂದ ಗೌರಮ್ಮನವರ ದನಿ: "ಹಂಗಾರ ದ್ವಾಸಿ ಇಲ್ಲೇನ್ರೀ?"

ಜನ ಬಿದ್ದು ಬಿದ್ದು ನಕ್ಕರು. ಕಾರ್ಯದರ್ಶಿಗಳು ನಗುತ್ತಾ ಅಲ್ಲೇ ಕಂಬ ಹಿಡಿದು ನಿಂತುಬಿಟ್ಟರು. ಕ್ಯೂ ಕರಗಿ ಎಲ್ಲರೂ ಕುರ್ಚಿಗೆ ಮರಳಿದರು. ಪ್ರಕಾಶ ಗಿಟಾರಿನ ವೈರನ್ನು ಸಂಘದ ಮೈಕ್ ಸೆಟ್ಟಿಗೇ ಸಿಕ್ಕಿಸಿ ಉಳಿದ ಹಾಡುಗಳನ್ನೆಲ್ಲ ಹಾಡಿದ. ಸದ್ದು ಡಬ್ಬದ ಹಾಗಿತ್ತು, ಆದರೂ "ಇನ್ನೊಂದು, ಇನ್ನೊಂದು!" ಎಂದರು.

ಮನೆಯಲ್ಲಿ ಹುಡುಗರು ತಟ್ಟೆ ಮುಂದಿಟ್ಟುಕೊಂಡು ಕೂತರು. ವಿಲಾಯಿತಿ ಪೆಟ್ಟಿಗೆಯಲ್ಲಿ ಊರನ್ನೇ ಎಬ್ಬಿಸಿದ ಹಿಟ್ಟು ನನ್ನ ಕಾವಲಿಯಿಂದ ಮೇಲೇಳಲೇ ಇಲ್ಲ. ಅಷ್ಟು ಹುಳಿ! ಎಲ್ಲರೂ ಉಪ್ಪಿಟ್ಟು ತಿಂದೆವು. ವಾಲ್ವ್‌ಗಳು ಆರಿದ ಮೇಲೆ ಪ್ರಕಾಶ ಅವುಗಳ ಸುತ್ತ ಕೆರೆಯಲು ಹಳೇ ಟೂತ್ ಬ್ರಷ್ ಕೇಳಿದ. ಕೈಗೆ ಸಿಕ್ಕಿದ್ದನ್ನು ಕೊಟ್ಟೆ. ಅದು ಯಜಮಾನರು ಹಿಂದಿನ ದಿನವಷ್ಟೇ ತಂದ ಹೊಸ ಬ್ರಷ್ ಎಂದು ಆಮೇಲೆ ನೋಡಿದೆ.

ಆ ರಾತ್ರಿ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ನಾನೇ.