ನನ್ನ ಲ್ಯಾಪ್‌ಟಾಪಿನ ಮೇಲೆ ಮಾವನವರ ಗಾಡಿ

‘ಗೊತ್ತಿಲ್ಲ’ ಎಂಬ ಮಾತು ನನ್ನ ಬಾಯಿಂದ ಹೊರಡುವುದೇ ಇಲ್ಲ. ಯಾರಾದರೂ ದಾರಿ ಕೇಳಿದರೆ, ನಾನೇ ಆ ಊರಿಗೆ ಮೊದಲ ಸಲ ಬಂದಿದ್ದರೂ, ಕೈ ತಾನಾಗಿ ಎದ್ದು ಯಾವುದೋ ಒಂದು ದಿಕ್ಕನ್ನು ತೋರಿಸಿಬಿಡುತ್ತದೆ. ಹುನಗುಂದದ ಒಂದು ಕಾಲೇಜಿನಲ್ಲಿ ನಾನು ಗುಮಾಸ್ತ. ದಿನಾ ಇಳಕಲ್ಲಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅಲ್ಲಿ ಪ್ರಿಂಟರ್ ಮುನಿಸಿಕೊಂಡಾಗಲೆಲ್ಲ ನನ್ನನ್ನೇ ಕರೆಯುತ್ತಾರೆ. ನಾನು ಹೋಗಿ ಹುಬ್ಬು ಗಂಟಿಕ್ಕಿ ಅದನ್ನೊಮ್ಮೆ ಆರಿಸಿ ಮತ್ತೆ ಹಚ್ಚುತ್ತೇನೆ. ಹತ್ತರಲ್ಲಿ ಆರು ಸಲ ಅದು ಸರಿಹೋಗುತ್ತದೆ. ಈ ಆರು ಸಲದ ಬಲದ ಮೇಲೆ ನಾನು ಕಂಪ್ಯೂಟರ್ ಬಲ್ಲವನೆಂದು ಹೆಸರಾಗಿ, ಆ ಹೆಸರು ಬಸ್ಸು ಹತ್ತಿ ನನ್ನ ಮನೆಗೂ, ಅಲ್ಲಿಂದ ಬಾದಾಮಿಯಲ್ಲಿರುವ ಹೆಂಡತಿಯ ತವರಿಗೂ ಹೋಗಿ ಮುಟ್ಟಿತ್ತು. ನನ್ನ ಫಜೀತಿಗೆ ಮೂಲ ಅದೇ.

ನಮ್ಮ ಮಾವನವರು ರೈಲ್ವೆಯಲ್ಲಿ ಮೂವತ್ತೊಂದು ವರ್ಷ ಗಾರ್ಡ್ ಆಗಿದ್ದವರು. ಈಚೆಗೆ ಅವರ ಮೊಣಕಾಲು ಹಟ ಹಿಡಿಯಿತು. ಬಾದಾಮಿಯ ಮನೆಗೆ ಹನ್ನೊಂದು ಮೆಟ್ಟಿಲು, ಡಾಕ್ಟರು ಒಂದು ತಿಂಗಳು ಮೆಟ್ಟಿಲು ಹತ್ತಬಾರದೆಂದರು. ಹೀಗಾಗಿ ಮೆಟ್ಟಿಲಿಲ್ಲದ ನಮ್ಮ ಮನೆಗೆ ಬಂದರು. ಮೆಟ್ಟಿಲೇನೋ ಇಲ್ಲ, ಆದರೆ ಇಳಕಲ್ಲಿಗೆ ರೈಲೂ ಇಲ್ಲ. ಬಾದಾಮಿಯಲ್ಲಿ ಅವರ ದಿನವೆಲ್ಲ ಗಾಡಿಗಳ ಮೇಲೆ ನಡೆಯುತ್ತಿತ್ತು. ಸೊಲ್ಲಾಪುರದ ಗಾಡಿ ಹೋದರೆ ಚಹಾ, ಹುಬ್ಬಳ್ಳಿಯ ಗಾಡಿ ಬಂದರೆ ಸ್ನಾನ. ಇಲ್ಲಿ ಓಣಿಯ ತುಂಬ ಮಗ್ಗದ ಸದ್ದು. ಮೂರು ದಿನ ಕೇಳಿ, “ಏನ್ ಸಪ್ಪಳಪಾ ಇದು! ಮುಂಜಾನಿಂದ ಹೊಂಟೇತಿ, ಇನ್ನೂ ಎಲ್ಲೂ ಮುಟ್ಟವಲ್ದು” ಎಂದರು. ಹತ್ತನೆಯ ದಿನಕ್ಕೆ ಚೀಲ ಕಟ್ಟಿ, ಸೋಮವಾರ ಊರಿಗೆ ಹೋಗುತ್ತೇನೆಂದು ಕೂತರು. ನನ್ನ ಹೆಂಡತಿ ಗಿರಿಜಾ ಅತ್ತಳು, ಗದರಿದಳು, ಹೋಳಿಗೆ ಮಾಡಿದಳು. ಯಾವುದೂ ನಡೆಯಲಿಲ್ಲ.

ಆಗಲೇ ಮಾವನವರ ಫೋನಿನಲ್ಲಿ ಆ ವಿಡಿಯೋ ಬಂತು. ಯಾರೋ ಒಬ್ಬ ಮನೆಯಲ್ಲಿ ಕೂತು ಕಂಪ್ಯೂಟರಿನೊಳಗೆ ರೈಲು ಓಡಿಸುತ್ತಿದ್ದ. ಅದೊಂದು ಆಟವಂತೆ. ಮಾವನವರು ಅದನ್ನು ನಾಲ್ಕು ಸಲ ನೋಡಿ, ಕನ್ನಡಕ ತೆಗೆದು ಕೇಳಿದರು. “ಅಳಿಯಾರ, ಇದು ನಿಮ್ಮ ಲ್ಯಾಪ್‌ಟಾಪಿನ್ಯಾಗ ಚಲೋ ಓಡತೈತೇನ್ರಿ?”

“ಓಡತೈತ್ರಿ ಮಾವಾರ,” ಎಂದೆ. ನನ್ನ ಬಾಯಿಯ ಗುಣ ಮೊದಲೇ ಹೇಳಿದ್ದೇನಲ್ಲ.

“ಮೂವತ್ತೊಂದ ವರ್ಷ ಗಾಡಿ ಹಿಂದಿನ ಡಬ್ಬಿಯೊಳಗ ಕುಂತೇನಿ,” ಎಂದರು ಅವರು ಮೆಲ್ಲಗೆ. “ಎಲ್ಲಾ ಹ್ವಾದ ಮ್ಯಾಲ ನೋಡೇನ್ರಿ. ಮುಂದ ಬರೂದನ್ನ ಒಂದ ದಿನಾನೂ ನೋಡ್ಲಿಲ್ಲ.”

ಗಿರಿಜಾ ನನ್ನನ್ನು ಅಡುಗೆಮನೆಗೆ ಕರೆದು, “ಆ ಆಟ ಓಡಿದ್ರ ಅಪ್ಪಾ ಇರ್ತಾನ. ಓಡ್ಲಿಲ್ಲಂದ್ರ ಸೋಮವಾರ ಹೋಗಿ ಆ ಮೆಟ್ಲಾ ಹತ್ತತಾನ. ಇನ್ನ ನಿಮಗ ಬಿಟ್ಟದ್ದು,” ಎಂದಳು. ಒಬ್ಬ ಹಿರಿಯರ ಮೊಣಕಾಲು ನನ್ನ ಲ್ಯಾಪ್‌ಟಾಪಿನ ಮೇಲೆ ನಿಂತಿತ್ತು.

ಆ ಲ್ಯಾಪ್‌ಟಾಪಿಗೆ ಏಳು ವರ್ಷ. ಅದರಲ್ಲಿ ನಾನು ಅರ್ಜಿಗಳನ್ನು ಟೈಪು ಮಾಡಿದ್ದು ಬಿಟ್ಟರೆ ಇನ್ನೇನೂ ಮಾಡಿಲ್ಲ. ಆಟದ ಪುಟ ತೆರೆದು ನೋಡಿದರೆ ಅಲ್ಲಿ ಎರಡು ಪಟ್ಟಿಗಳಿದ್ದವು. ಒಂದು ‘ಕನಿಷ್ಠ’, ಇನ್ನೊಂದು ‘ಶಿಫಾರಸು’. ಪ್ರೊಸೆಸರ್ ಇಷ್ಟು, ರ್‍ಯಾಮ್ ಇಷ್ಟು, ಗ್ರಾಫಿಕ್ಸ್ ಕಾರ್ಡು ಇಂಥದ್ದು. ನನ್ನದು ಒಂದರಲ್ಲಿ ಕನಿಷ್ಠಕ್ಕಿಂತ ಮೇಲಿತ್ತು, ಒಂದರಲ್ಲಿ ಕೆಳಗಿತ್ತು. ಮೂರನೆಯದು ಇದೆಯೋ ಇಲ್ಲವೋ ಎಂಬುದೇ ತಿಳಿಯಲಿಲ್ಲ. ವಧುವರರ ಗುಣ ಕೂಡಿಸುವಂತೆ ಹಾಳೆಯ ಮೇಲೆ ಎಡಕ್ಕೆ ಆಟ, ಬಲಕ್ಕೆ ಲ್ಯಾಪ್‌ಟಾಪು ಎಂದು ಬರೆದು ಕೂಡಿಸಿದೆ. ಒಮ್ಮೆ ಕೂಡಿತು, ಇನ್ನೊಮ್ಮೆ ಕೂಡಿಸಿದರೆ ಕೂಡಲಿಲ್ಲ. ಇಂಟರ್ನೆಟ್ಟಿನಲ್ಲಿ ಕೇಳಿದರೆ ಒಬ್ಬ ಬೆಣ್ಣೆಯಂತೆ ಓಡುತ್ತದೆ ಎಂದಿದ್ದ. ಅವನ ಕೆಳಗೇ ಮತ್ತೊಬ್ಬ, ಅದೇ ಲ್ಯಾಪ್‌ಟಾಪು ತನ್ನ ತೊಡೆ ಸುಟ್ಟಿತೆಂದು ಬರೆದಿದ್ದ. ಇಬ್ಬರನ್ನೂ ನಂಬಿ ಇನ್ನಷ್ಟು ಗೊಂದಲಕ್ಕೆ ಬಿದ್ದೆ.

ಶನಿವಾರ ಅರ್ಧ ದಿನ ರಜೆ ಹಾಕಿ ಬಾಗಲಕೋಟೆಗೆ ಹೋದೆ. ಅಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಮೆಹಬೂಬ ನನಗೆ ಹಳೆಯ ಪರಿಚಯ. ಲ್ಯಾಪ್‌ಟಾಪನ್ನು ಮಗುಚಿ, ಕಿವಿಗೆ ಹಿಡಿದು, ಮತ್ತೆ ಮಗುಚಿ, “ಓಡೂದು ಓಡತೈತ್ರಿ ಸರ. ಆದ್ರ ಓಡಸಬ್ಯಾಡ್ರಿ,” ಎಂದ. ಇಂಥ ಉತ್ತರವನ್ನು ನಾನು ಸರ್ಕಾರಿ ಪತ್ರಗಳಲ್ಲಿ ಮಾತ್ರ ನೋಡಿದ್ದೆ. ಮಾವನವರ ಕಥೆ ಹೇಳಿದ ಮೇಲೆ ಅವನೂ ಮೆತ್ತಗಾದ. ಆಟ ಹಾಕಿಕೊಟ್ಟು ಉಪಾಯವನ್ನೂ ಹೇಳಿಕೊಟ್ಟ. “ಸೆಟಿಂಗ್ಸ್‌ಗೆ ಹೋಗಿ ಗಿಡಾ ತಗೀರಿ, ನೆಳ್ಳು ತಗೀರಿ, ಮಳಿ ತಗೀರಿ, ಸ್ಟೇಶನ್ನಿನ ಮಂದೀನೂ ತಗೀರಿ. ಭಾರ ಕಮ್ಮಿ ಆದ್ರ ಎಳೀತೈತಿ.”

ಭಾನುವಾರ ಮುಂಜಾನೆ, ನಾಷ್ಟಾ ಮುಗಿದ ಮೇಲೆ, ಮೇಜಿನ ಮೇಲೆ ಲ್ಯಾಪ್‌ಟಾಪಿಟ್ಟು ಗಾಳಿಯಾಡಲೆಂದು ಅದರ ಕೆಳಗೆ ನಾಲ್ಕು ಕಡ್ಡಿಪೆಟ್ಟಿಗೆ ಕೊಟ್ಟೆ. ಆಟದಲ್ಲಿದ್ದುದು ಯಾವುದೋ ಪರದೇಶದ ದಾರಿ. ಕಾಡು, ಮಂಜು, ಮಳೆ, ಕೊಡೆ ಹಿಡಿದ ಜನ. ಮೆಹಬೂಬ ಹೇಳಿದಂತೆ ಒಂದೊಂದಾಗಿ ಎಲ್ಲ ತೆಗೆದೆ. ಉಳಿದದ್ದು ಬರೀ ಬಯಲು, ಬಿಸಿಲು, ಎರಡು ಹಳಿ. ಮಾವನವರು ಮುಂದೆ ಬಾಗಿ ನೋಡಿ, “ಅಯ್ಯ, ಇದು ನಮ್ಮ ಬಾಗಲಕೋಟಿ ದಾಟಿದ ಮ್ಯಾಲಿಂದು ಲೈನ್ ಐತಲ್ರಿ!” ಎಂದರು. ನಾನು ಹೌದೆಂದೆ.

ಬಟನ್ ಒತ್ತಿದರು. ಗಾಡಿ ಹೊರಟಿತು. ಲ್ಯಾಪ್‌ಟಾಪಿನ ಫ್ಯಾನು ಬೋರ್ಗರೆಯಿತು. ಮಾವನವರು ಕಣ್ಣು ಮಿಟುಕಿಸದೆ ಕೂತಿದ್ದರು. ಹಳಿಗಳು ದೂರದಿಂದ ಅವರ ಕಡೆಗೇ ಬರುತ್ತಿದ್ದವು. ಮೂರು ನಿಮಿಷವಾಗಿರಬಹುದು. ಪರದೆ ಗಕ್ಕನೆ ನಿಂತಿತು. ಗಾಡಿಯ ಸದ್ದಿಲ್ಲ, ಮೌಸಿನ ಬಾಣದ ಗುರುತೂ ಅಲ್ಲಾಡುವುದಿಲ್ಲ. ನನ್ನ ಮಾನ ಅಲ್ಲೇ ಹಳಿಯ ಮೇಲೆ ಮಲಗಿತು. ಪ್ರಿಂಟರಿನ ಅಭ್ಯಾಸದಿಂದ ಆರಿಸಲೆಂದು ಕೈ ಚಾಚಿದೆ. ಮಾವನವರು ಕೈಗೆ ಪಟ್ಟನೆ ಹೊಡೆದರು.

“ಏನ್ ಮಾಡ್ತೀರಿ? ಸಿಂಗಲ್ ಲೈನ್ ಐತಿ. ಮುಂದ ಕ್ರಾಸಿಂಗ್ ಇರ್ತೈತಿ. ಆ ಕಡಿ ಗಾಡಿ ಬರೂತನಾ ತಡೀಬೇಕು. ಸುಮ್ನ ಕೂಡ್ರಿ.”

ಕೂತೆವು. ಗಿರಿಜಾ ಚಹಾ, ಒಗ್ಗರಣೆ ಚುರುಮರಿ ತಂದಳು. ನಾನು ಬೆವರುತ್ತಿದ್ದೆ. ಮಾವನವರು ನೆಮ್ಮದಿಯಿಂದ ಚುರುಮರಿಯಲ್ಲಿ ಶೇಂಗಾ ಹುಡುಕುತ್ತಿದ್ದರು. ಬಂದಾಗಿನಿಂದ ಅವರ ಮುಖ ಅಷ್ಟು ಹಗುರಾದದ್ದನ್ನು ನಾನು ನೋಡಿರಲಿಲ್ಲ. ಏಳನೆಯ ನಿಮಿಷಕ್ಕೆ ಲ್ಯಾಪ್‌ಟಾಪು ಒಮ್ಮೆ ಕೆಮ್ಮಿ ಮುಂದಕ್ಕೆ ಹೊರಟಿತು. “ನೋಡಿದ್ರ್ಯಾ? ಸಿಗ್ನಲ್ ಬಿಟ್ರು,” ಎಂದರು. ಓಡುವುದೆಂದರೆ ಏನು, ನಿಲ್ಲುವುದೆಂದರೆ ಏನು ಎಂದು ಮೂರು ದಿನದಿಂದ ಕೂಡಿಸಿ ಕಳೆದು ಬರೆದ ಹಾಳೆಯನ್ನು ನಾನು ಮಡಿಸಿ ಜೇಬಿನಲ್ಲಿಟ್ಟುಕೊಂಡೆ.

ಸೋಮವಾರ ಚೀಲ ಬಿಚ್ಚಿದರು. ಆದರೆ ಆ ದಿನವೇ ಇನ್ನೊಂದು ತಕರಾರು ಎದ್ದಿತು. “ಅಳಿಯಾರ, ನಿನ್ನಿ ತಪ್ಪಾತು. ಗಾರ್ಡ್ ಇಲ್ದ ಗಾಡಿ ಬಿಟ್ವಿ. ಇದು ಕಾಯ್ದೆಕ ಕೂಡೂದಿಲ್ಲ.” ಗಾರ್ಡ್ ಯಾರು ಎಂದು ನಾನು ಕೇಳುವ ಮೊದಲೇ ಗಿರಿಜಾ ಪೆಟ್ಟಿಗೆಯಿಂದ ಗುಳೇದಗುಡ್ಡದ ಎರಡು ಖಣ ತೆಗೆದುಕೊಟ್ಟಳು, ಒಂದು ಹಸಿರು, ಒಂದು ಕೆಂಪು. ಕುಪ್ಪಸವಾಗಬೇಕಾಗಿದ್ದ ಆ ಬಟ್ಟೆಗಳು ಈಗ ನನ್ನ ಧ್ವಜಗಳು. ದಿನಾ ಸಂಜೆ ಹುನಗುಂದದಿಂದ ಬಂದು ಮುಖ ತೊಳೆದು, ಮಾವನವರ ಬೆನ್ನ ಹಿಂದೆ ಸ್ಟೂಲು ಹಾಕಿಕೊಂಡು ಗೋಡೆಗೆ ಮುಖ ಮಾಡಿ ಕೂಡುತ್ತೇನೆ. ತಿರುಗಿ ನೋಡುವಂತಿಲ್ಲ. ಹಸಿರು ಖಣ ಬೀಸುತ್ತೇನೆ, ಗಾಡಿ ಹೊರಡುತ್ತದೆ. ನಿಂತಾಗಲೆಲ್ಲ ಎಷ್ಟು ನಿಮಿಷ, ಏನು ಕಾರಣ ಎಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಮೊದಲ ದಿನ ನಾನು ಪ್ರಾಮಾಣಿಕವಾಗಿ ‘ಲ್ಯಾಪ್‌ಟಾಪ್ ಹಳೆಯದು’ ಎಂದು ಬರೆದೆ. ಮಾವನವರು ಅದನ್ನು ಹೊಡೆದುಹಾಕಿದರು. “ಇಂಜಿನ್ ಮ್ಯಾಲ ಹಾಕಬ್ಯಾಡ್ರಿ. ಗಾರ್ಡ್ ಧ್ವಜ ತೋರ್ಸಾಕ ತಡಾ ಮಾಡಿದಾ ಅಂತ ಬರೀರಿ. ನನ್ನ ಮ್ಯಾಲ ಮೂವತ್ತೊಂದ ವರ್ಷ ಹಂಗ ಬರದಾರ.”

ತಿಂಗಳು ಮುಗಿದು ಇನ್ನೂ ಹತ್ತು ದಿನವಾಯಿತು, ಮೊಣಕಾಲು ವಾಸಿಯಾಗಿದೆ. ಮಾವನವರು ಊರಿನ ಮಾತೇ ಎತ್ತುವುದಿಲ್ಲ. ಬೆನ್ನ ಹಿಂದೆ ಅವರು ಒಮ್ಮೊಮ್ಮೆ “ಆಹಾ” ಎನ್ನುತ್ತಾರೆ. ಏನು ಬಂತೋ, ಸೇತುವೆಯೋ ಸುರಂಗವೋ, ನನಗೆ ಕಾಣುವುದು ಮಾತ್ರ ಸುಣ್ಣದ ಗೋಡೆ ಮತ್ತು ಹೋದ ವರ್ಷದ ಕ್ಯಾಲೆಂಡರು. ನಿನ್ನೆ ಬಾಗಲಕೋಟೆಯಿಂದ ಮೆಹಬೂಬ ಫೋನು ಮಾಡಿದ್ದ. ಅವನ ಅಂಗಡಿಗೆ ಇನ್ನೊಬ್ಬ ಗಿರಾಕಿ ನನ್ನಂಥದ್ದೇ ಲ್ಯಾಪ್‌ಟಾಪು ತಂದು ಅದೇ ಆಟ ಕೇಳುತ್ತಿದ್ದನಂತೆ. “ಸರ, ನಿಮ್ಮದರಾಗ ಹೆಂಗ ಓಡಾಕತ್ತೈತ್ರಿ? ಚಲೋ ಓಡತೈತೇನು?”

ಹಸಿರು ಖಣ ತೊಡೆಯ ಮೇಲಿತ್ತು. ಬಾಯಿ ತೆರೆದೆ, ಹುಟ್ಟಿದಾಗಿನಿಂದ ಬಾರದಿದ್ದ ಮಾತು ತಾನಾಗಿ ಬಂತು.

“ಗೊತ್ತಿಲ್ಲೋ ಮೆಹಬೂಬ. ನಾ ಗಾರ್ಡ್ ಅದೇನಿ.”