ಗುಲಾಬಿ ಬಳ್ಳಿಗೆ ಕ್ಷೌರ

ಆಡು ಮುಟ್ಟದ ಸೊಪ್ಪಿಲ್ಲ, ನಾನು ಮುಟ್ಟದ ತಲೆಯಿಲ್ಲ! ಯಾರ ಬಳಿಯೂ ಕಲಿಯದೆ, ತಮ್ಮನ ತಲೆಯನ್ನೇ ಪಾಠಶಾಲೆ ಮಾಡಿಕೊಂಡು, ಒಂದು ಕ್ಷೌರದಂಗಡಿಯನ್ನು ಕಟ್ಟಿ ಬೆಳೆಸಿದವನು ನಾನು. ಜಡ್ಜ್ ಸಾಹೇಬರ ತಲೆಯನ್ನೂ "ಸ್ವಲ್ಪ ಬಗ್ಗಿಸಿ" ಎಂದು ಬಗ್ಗಿಸಿದ ಕೈ ಇದು. ಅಂಥವನ ಮುಂದೆ ಒಂದು ಗುಲಾಬಿ ಬಳ್ಳಿ ತಲೆಯೆತ್ತಿ ನಿಲ್ಲುವುದೇ?

"ಈ ಸಲ ಇದರಲ್ಲಿ ಹೂ ಬಿಡಿಸದಿದ್ದರೆ ನಾನು ಕತ್ತರಿ ಹಿಡಿದವನೇ ಅಲ್ಲ!" ಎಂದು ಹೆಂಡತಿಯೆದುರು ಶಪಥ ಮಾಡಿದೆ.

"ಹೋದ ವರ್ಷಾನೂ ನೀವು ಕತ್ತರಿ ಹಿಡಿದವರಲ್ಲ, ಅದರ ಹಿಂದಿನ ವರ್ಷಾನೂ ಅಲ್ಲ," ಎಂದಳು ಅವಳು, ಒದ್ದೆ ದುಪ್ಪಟಿ ಹಿಂಡುತ್ತಾ.

ಆ ಬಳ್ಳಿಯ ಮೂಲ ಹೇಳಬೇಕು. ಅದು ನನ್ನ ಅತ್ತೆ ತಮ್ಮ ಮನೆಯ ಗೋಡೆಗೆ ಹಬ್ಬಿಸಿದ್ದು. ಅತ್ತೆ ತೀರಿಕೊಂಡರು, ಮನೆ ಮಾರಿದ್ದಾಯಿತು, ಕೊಂಡವರು ಗೋಡೆ ಕೆಡವಿದರು. ಅಷ್ಟರಲ್ಲಿ ನನ್ನ ನಾದಿನಿ ಒಂದು ಕಡ್ಡಿ ಮುರಿದು ತಂದು, ಬೇರು ಬರಿಸಿ, ಕುಂಡದ ಸಮೇತ ಅಕ್ಕನ ಕೈಗಿಟ್ಟಳು. "ಅಕ್ಕಾ, ಇದು ವರ್ಷಕ್ಕೊಂದೇ ಸಲ ಹೂ ಬಿಡೋದು. ಬಿಟ್ಟ ದಿನ ಫೋನ್ ಮಾಡು, ಓಡಿ ಬರ್ತೀನಿ. ಅಮ್ಮನ ಹೂ ನೋಡಿ ಎಷ್ಟು ಕಾಲ ಆಯ್ತು!"

ಆ ಫೋನ್ ಹೋಗಿರಲಿಲ್ಲ. ನನ್ನ ಹೆಂಡತಿ ಬಾಯಿಬಿಟ್ಟು ದೂರಿದವಳಲ್ಲ. ದಿನಾ ಬೆಳಿಗ್ಗೆ ಎಲೆ ಸರಿಸಿ ಮೊಗ್ಗು ಹುಡುಕಿ, ಸುಮ್ಮನೆ ಒಳಗೆ ಹೋಗುತ್ತಿದ್ದಳು. ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು.

ನಮ್ಮ ಬಾಲ್ಕನಿಯೋ, ಇಬ್ಬರು ನಿಂತರೆ ಒಬ್ಬರು ಉಸಿರು ಬಿಗಿಹಿಡಿಯಬೇಕು. ಅದರಲ್ಲೊಂದು ಕುಂಡ, ಒಂದು ಬಟ್ಟೆ ಒಣಗಿಸುವ ತಂತಿ, ಒಂದು ಸ್ಟೂಲು. ಬಳ್ಳಿಯೋ, ಬೆರಳು ತೋರಿಸಿದರೆ ಹಸ್ತವನ್ನೇ ನುಂಗುವ ಜಾತಿ! ನಾಲ್ಕು ಹನಿ ಮಳೆ ಬಿದ್ದರೆ ಸಾಕು, ಆಳುದ್ದ ಎದ್ದು ತಂತಿಯ ಮೇಲಿನ ಟವೆಲ್ಲಿಗೆ ಕೈ ಹಾಕುತ್ತಿತ್ತು.

ನನಗೆ ಗೊತ್ತಿದ್ದ ವಿದ್ಯೆ ಒಂದೇ. ಮೊದಲ ವರ್ಷ ಚಳಿ ಶುರುವಾದೊಡನೆ ಅಂಗಡಿಯ ಹಳೇ ಬಿಳಿಬಟ್ಟೆಯನ್ನು ಕುಂಡದ ಕೊರಳಿಗೆ ಸುತ್ತಿ, ಪಕ್ಕದಲ್ಲಿ ಸಣ್ಣ, ನೆತ್ತಿಯಲ್ಲಿ ಸಮ ಎಂದು ಚೊಕ್ಕವಾಗಿ ಕತ್ತರಿಸಿದೆ. ಹೂ ಬಿಡಲಿಲ್ಲ. ಅಂದರೆ ಕಟಿಂಗ್ ಸಾಲದು! ಮರುವರ್ಷ ಇನ್ನೂ ಗಿಡ್ಡ ಮಾಡಿದೆ. ಎಲೆ ಬಂತು, ಮುಳ್ಳು ಬಂತು, ಇರುವೆ ಬಂತು. ಹೂವೊಂದು ಬಿಟ್ಟು ಎಲ್ಲವೂ ಬಂತು. "ಕತ್ತರಿಸಿದಷ್ಟೂ ದಟ್ಟವಾಗುತ್ತೆ" ಎಂದು ನೆತ್ತಿ ಸವೆದ ಗಿರಾಕಿಗಳನ್ನು ಜೀವಮಾನವಿಡೀ ನಂಬಿಸಿದ್ದೆ. ಹೇಳಿ ಹೇಳಿ ಕೊನೆಗೆ ನಾನೇ ನಂಬಿಬಿಟ್ಟಿದ್ದೆ.

ನಿಜ ಹೇಳಬೇಕೆಂದರೆ ಮೂರನೇ ಚಳಿಗಾಲದ ಹೊತ್ತಿಗೆ ನಾನು ಸೋತು ಸುಣ್ಣವಾಗಿದ್ದೆ. ನಿಂತು ನಿಂತೇ ಸವೆದ ಮಂಡಿ. ಅಂಗಡಿಯನ್ನು ಅಳಿಯನಿಗೊಪ್ಪಿಸಿದ್ದೇ ಕೂರುವುದಕ್ಕೆಂದು, ಕೂತದ್ದು ಯಾವಾಗ? ಆದರೂ ಶಪಥ ಶಪಥವೇ. ಸ್ಟೂಲು ಹತ್ತಿದೆ. ಬುಡದಿಂದ ಶುರುಮಾಡಿ ಎಲ್ಲವನ್ನೂ ಬೋಳಿಸಿದೆ. ಉಳಿದದ್ದು ತುದಿಯ ಎರಡು ಉದ್ದ ಬಳ್ಳಿ. ಒಂದನ್ನು ಹಿಡಿದೆಳೆದೆ. ಅದು ಬಿಲ್ಲಿನಂತೆ ಬಾಗಿ, ಕೈ ಜಾರಿ, ಚಟೀರೆಂದು ಹಿಂದಿನಿಂದ ಬಂದು ನನ್ನ ಕಾಲರು ಹಿಡಿಯಿತು! ಬಿಡಿಸಿಕೊಳ್ಳಲು ತಿರುಗಿದೆ, ಇನ್ನೊಂದು ನನ್ನ ಎರಡೂ ತೋಳು ಸೇರಿಸಿ, ಅಂಗಿಗೆ ಮುಳ್ಳು ನೆಟ್ಟು ಬೆನ್ನು ತಬ್ಬಿತು. ಕತ್ತರಿ ಕೆಳಗೆ ಬಿತ್ತು.

ಎದುರು ಬಾಲ್ಕನಿಯಲ್ಲಿ ನನ್ನ ಹಳೇ ಗಿರಾಕಿ, ಲೆಕ್ಕದ ಮೇಷ್ಟ್ರು, ಪೇಪರ್ ಮಡಚಿಟ್ಟರು. "ಏನ್ ಯಜಮಾನ್ರೇ, ಯಾರು ಯಾರಿಗೆ ಕಟಿಂಗ್ ಮಾಡ್ತಿರೋದು?"

"ಸುಮ್ನಿರಿ ಮೇಷ್ಟ್ರೇ! ಸ್ವಲ್ಪ ನಮ್ಮನೆಯವಳನ್ನ ಕೂಗಿ!"

ಅವರು ಇಡೀ ಬೀದಿಗೆ ಕೇಳುವಂತೆ ಕೂಗಿದರು. ಹೆಂಡತಿ ಬಂದು, ನೋಡಿ, ನೆಲದ ಮೇಲಿನ ಕತ್ತರಿ ಎತ್ತಿಕೊಂಡಳು.

"ಆ ಬಳ್ಳಿ ಕತ್ತರಿಸೇ ಮಾರಾಯ್ತಿ!"

"ಅಲ್ಲಾಡ್ಬೇಡಿ. ಅಲ್ಲಾಡಿದ್ರೆ ಕಿವಿ ಹೋಗುತ್ತೆ ಅಂತ ಗಿರಾಕಿಗಳಿಗೆ ನೀವೇ ಹೆದರಿಸ್ತಿದ್ರಲ್ಲ?"

ಚರ್ರ್ ಎಂದಿತು. ಬೆನ್ನಿಗೆ ತಣ್ಣನೆ ಗಾಳಿ ತಾಗಿತು. ಕತ್ತರಿಸಿದ್ದು ಬಳ್ಳಿಯನ್ನಲ್ಲ, ನನ್ನ ಪಟ್ಟೆಪಟ್ಟೆ ಅಂಗಿಯನ್ನು!

"ಅಯ್ಯೋ, ನನ್ನ ಒಳ್ಳೇ ಅಂಗಿ!"

"ಅಂಗಿ ಅಂಗಡೀಲಿ ಸಿಗುತ್ತೆ. ನಮ್ಮಮ್ಮನ ಗಿಡ ಯಾವ ಅಂಗಡೀಲಿ ಸಿಗುತ್ತೆ?"

ಬರೀ ಬನಿಯನ್ನಿನಲ್ಲಿ, ಮೇಷ್ಟ್ರ ಚಪ್ಪಾಳೆಯ ನಡುವೆ ಇಳಿದೆ. "ಇನ್ನು ನಾನುಂಟು, ನನ್ನ ಕುರ್ಚಿಯುಂಟು. ಆ ಗಿಡದ ಮುಖ ನೋಡಲ್ಲ!" ಎಂದು ಗುಡುಗಿದೆ.

"ಒಳ್ಳೇದು. ಅದಕ್ಕೂ ಸ್ವಲ್ಪ ವಿಶ್ರಾಂತಿ ಸಿಗ್ಲಿ."

ಮಾತಿಗೆ ತಪ್ಪುವವನಲ್ಲ ನಾನು. ನನ್ನ ಎಳೆದಾಟಕ್ಕೆ ಆ ಎರಡು ಬಳ್ಳಿಯೂ ಒಣಗಿ, ಆ ಬೇಸಿಗೆ ಹೂವಿಲ್ಲದೆ ಕಳೆಯಿತು, ನಾನು ನೋಡಲಿಲ್ಲ. ಮಳೆಗಾಲಕ್ಕೆ ಬಳ್ಳಿ ಮತ್ತೆ ಆಳುದ್ದ ಎದ್ದಿತು, ನೋಡಲಿಲ್ಲ. ಬಟ್ಟೆ ಹರವಲು ಜಾಗ ಸಾಲದೆ ಹೆಂಡತಿ ಆ ಉದ್ದ ಬಳ್ಳಿಗಳನ್ನು ಒಂದೊಂದಾಗಿ ಬಗ್ಗಿಸಿ, ಬಾಲ್ಕನಿಯ ಕಂಬಿಯುದ್ದಕ್ಕೂ ಅಡ್ಡಡ್ಡ ಮಲಗಿಸಿ ಕಟ್ಟಿದಳು. ಕಟ್ಟಿದ್ದು ನನ್ನ ಪಟ್ಟೆ ಅಂಗಿಯ ಚಿಂದಿಗಳಿಂದ! ಓರೆಗಣ್ಣಲ್ಲಿ ಅದನ್ನೂ ನೋಡಲಿಲ್ಲ. ಚಳಿ ಬಂತು, ಕೈ ತುರಿಸಿತು, ಕತ್ತರಿ ಕರೆಯಿತು. ಕುರ್ಚಿ ಬಿಟ್ಟು ಏಳಲಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರೆ. ಬಳ್ಳಿಯಾದರೂ ಬಗ್ಗಿತ್ತು, ನಾನು ಬಗ್ಗಲಿಲ್ಲ.

ಚಳಿ ಹಿಂದೆಗೆದ ಮೇಲೆ ಒಂದು ಬೆಳಿಗ್ಗೆ ಹೆಂಡತಿ ಬಾಲ್ಕನಿಯಿಂದ ಒಳಗೆ ಬರಲೇ ಇಲ್ಲ. ಎದ್ದು ಹೋಗಿ ನೋಡಿದೆ. ಬಾಗಿದ ಬಳ್ಳಿಯ ಗಿಣ್ಣುಗಿಣ್ಣಿಗೂ ಗೊಂಚಲು, ಕಂಬಿಯೇ ಕಾಣದಷ್ಟು ತಿಳಿಗುಲಾಬಿ ಹೂ! ಅವಳು ಫೋನ್ ಕಿವಿಗಿಟ್ಟುಕೊಂಡು, ಮೂಗು ಒರೆಸಿಕೊಳ್ಳುತ್ತಿದ್ದಳು.

ಮಧ್ಯಾಹ್ನದೊಳಗೆ ನಾದಿನಿ ಓಡಿ ಬಂದಳು. ಅಕ್ಕತಂಗಿಯರಿಬ್ಬರೂ ಆ ಇಕ್ಕಟ್ಟಿನಲ್ಲಿ ಒಬ್ಬರಿಗೊಬ್ಬರು ಒತ್ತಿ ನಿಂತು ತುಂಬ ಹೊತ್ತು ಹೂ ಮೂಸಿದರು. ಆಮೇಲೆ ಅವಳು ನನ್ನತ್ತ ತಿರುಗಿದಳು.

"ಭಾವಾ, ಭೇಷ್! ಹೋದ ವರ್ಷದ ಉದ್ದ ಬಳ್ಳೀಲೇ ಈ ವರ್ಷದ ಹೂ ಬರೋದು. ಎಷ್ಟೋ ಜನ ತಿಳೀದೆ ಚಳೀಲಿ ಕತ್ತರಿ ಹಾಕ್ತಾರೆ, ಬರೋ ಹೂವೆಲ್ಲ ಕಸಕ್ಕೆ ಹೋಗುತ್ತೆ. ನೀವು ಕತ್ತರಿ ಮುಟ್ಟಿಸದೆ, ಬಗ್ಗಿಸಿ ಬೇರೆ ಕಟ್ಟಿದ್ದೀರಿ! ಅದಕ್ಕೇ ಗಿಣ್ಣುಗಿಣ್ಣಿಗೂ ಹೂ. ಯಾರ ಹತ್ರ ಕಲಿತ್ರಿ?"

ನನ್ನ ಎದೆ ತಾನಾಗಿ ಉಬ್ಬಿತು. 'ಎಲ್ಲಾ ಸ್ವಂತ ವಿದ್ಯೆ' ಎನ್ನಲು ಗಂಟಲು ಸರಿಮಾಡಿಕೊಂಡೆ.

"ಗೊಬ್ಬರ ಏನು ಹಾಕಿದ್ರಿ ಭಾವ?"

ಉತ್ತರ ನನ್ನ ಹೆಂಡತಿಯಿಂದ ಬಂತು. "ಗೊಬ್ಬರ ಎಲ್ಲಿ ಬಂತೇ? ನಿನ್ನ ಭಾವ ಒಂದು ವರ್ಷ ಮುನಿಸ್ಕೊಂಡಿದ್ರು. ಹಾಕಿದ್ದು ಅಷ್ಟೇ!"